ಮೊಟ್ಟೆ ಹೋದ ದಾರಿ

ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಮುಗಿದು ಮಕ್ಕಳು ಮಲಗಿದ್ದರು. ಜಮಖಾನೆಯ ಮೇಲೆ ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರ ಕಾಲು ಬಿದ್ದಿತ್ತು. ಗಂಗಾ ಕಾಲುಗಳನ್ನು ಎತ್ತಿ ಸರಿಯಾಗಿ ಇರಿಸಿ, ಹೊಸ್ತಿಲ ಬಳಿ ಗೋಡೆಗೆ ಒರಗಿ ಕುಳಿತಳು. ಮಕ್ಕಳ ತೂಕವನ್ನು ಮೊಬೈಲಿಗೆ ಏರಿಸುವ ಕೆಲಸ ಬಾಕಿ ಇತ್ತು. ನೆಟ್‌ವರ್ಕ್ ನಿಧಾನವಾಗಿತ್ತು. ಒಂದು ಮಗುವಿನ ತೂಕ ಏರುವುದನ್ನು ಕಾಯುತ್ತಿದ್ದಾಗ ಪರದೆಯ ಮೇಲ್ತುದಿಯಲ್ಲಿ ಸೂಚನೆಯೊಂದು ಬಂತು. ಕೆಂಪು ಮೈಕಿನವರು ಹೊಸ ವಿಡಿಯೋ ಹಾಕಿದ್ದರು.

ಕೆಂಪು ಮೈಕು ಎಂಬುದು ಆ ಯೂಟ್ಯೂಬ್ ಚಾನೆಲ್‌ನ ಹೆಸರಲ್ಲ. ಮೈಕಿಗೆ ಕೆಂಪು ಟೊಪ್ಪಿಗೆ ಹಾಕಿಕೊಂಡು ಬರುತ್ತಾರೆಂದು ಸವದತ್ತಿ, ಬೈಲಹೊಂಗಲ ಕಡೆಯ ಹಳ್ಳಿಗಳಲ್ಲಿ ಜನ ಹಾಗೆ ಕರೆಯುತ್ತಿದ್ದರು. ನಡೆಸುವವನ ಹೆಸರು ಸುಭಾಸ. ಮೊದಲು ಬೈಲಹೊಂಗಲದಲ್ಲಿ ಫ್ಲೆಕ್ಸ್ ಬೋರ್ಡ್ ಮಾಡಿಕೊಡುತ್ತಿದ್ದವನು. ಯಾವ ಊರಿನ ನಲ್ಲಿಗೆ ನೀರು ಬಂದಿಲ್ಲ, ಯಾವ ರಸ್ತೆಯ ಬಸ್ಸು ನಿಂತಿದೆ, ಮಲಪ್ರಭೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದು ದೊಡ್ಡ ಚಾನೆಲ್‌ಗಳಲ್ಲಿ ಸಿಗುತ್ತಿರಲಿಲ್ಲ, ಅವನಲ್ಲಿ ಸಿಗುತ್ತಿತ್ತು. ಅದಕ್ಕೇ ಗಂಗಾ ಬಹಳ ಹಿಂದೆಯೇ ಅವನ ಚಾನೆಲ್‌ಗೆ ಚಂದಾದಾರಳಾಗಿದ್ದಳು.

ವಿಡಿಯೋದಲ್ಲಿ ಅವಳಿಗೆ ಮೊದಲು ಕಂಡದ್ದು ಇಲಾಖೆಯ ಸೀರೆ. ಆಮೇಲೆ ಒಂದು ಚೀಲ. ಆಮೇಲೆ ಅದು ತನ್ನ ಬೆನ್ನು ಎಂದು ತಿಳಿಯಿತು. ಅಂಗನವಾಡಿಯ ಗೇಟು ದಾಟಿ, ಓಣಿ ಹಿಡಿದು, ಚೀಲವನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ತಾನು ಹೋಗುತ್ತಿದ್ದಳು. ಒಂದು ಮನೆಯ ಬಾಗಿಲು ತೆರೆಯಿತು, ಒಂದು ಕೈ ಹೊರಬಂದು ಚೀಲ ತೆಗೆದುಕೊಂಡಿತು, ಬಾಗಿಲು ಮುಚ್ಚಿತು. ಅಲ್ಲಿಗೆ ವಿಡಿಯೋ ಮುಗಿಯಿತು. ಮೇಲೆ ದೊಡ್ಡ ಹಳದಿ ಅಕ್ಷರದಲ್ಲಿ ‘ಮಕ್ಕಳ ಮೊಟ್ಟೆ ಹೊರಟಿದ್ದು ಎಲ್ಲಿಗೆ?’ ಎಂದಿತ್ತು.

ಅವಳು ಅದನ್ನು ಇನ್ನೊಮ್ಮೆ ನೋಡಿದಳು. ನಂತರ ನಿಂತಲ್ಲೇ ನಿಂತಿದ್ದ ತೂಕದ ಕೆಲಸಕ್ಕೆ ಮರಳಿ, ಉಳಿದ ಮಕ್ಕಳದ್ದನ್ನೂ ಏರಿಸಿ ಮುಗಿಸಿದಳು. ಆಗ ಏನನಿಸಿತು ಎಂದು ಮುಂದೆ ಹಲವರು ಕೇಳಿದರು. ಏನೂ ಅನಿಸಲಿಲ್ಲ ಎಂದರೆ ಯಾರೂ ನಂಬಲಿಲ್ಲ.

ಗಂಗಾ ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಮಗಳು. ಮದುವೆಯಾಗಿ ಬಂದದ್ದು ಚಚಡಿಗೆ ಹತ್ತಿರದ ಈ ಸಣ್ಣ ಊರಿಗೆ. ಮದುವೆಯ ಮರುವರ್ಷವೇ ಅಂಗನವಾಡಿ ಕಾರ್ಯಕರ್ತೆಯಾದಳು. ಊರಿಗೆ ಅವಳು ‘ಅಕ್ಕಾರು’. ಹೊಲ ಮನೆ ಇರುವ, ತಲೆಮಾರುಗಳಿಂದ ಇಲ್ಲೇ ನೆಲೆಸಿದ ಶೈವ ಮನೆತನಗಳು ಊರಿನಲ್ಲಿ ಹೆಚ್ಚು. ಅವಳದೂ ಅಂಥದೇ ಮನೆ. ಅವರು ಮೊಟ್ಟೆ ತಿನ್ನುವುದಿಲ್ಲ, ಮನೆಯೊಳಗೆ ತರುವುದೂ ಇಲ್ಲ. ಅಂಗನವಾಡಿಗೆ ಸರ್ಕಾರದ ಮೊಟ್ಟೆ ಬರತೊಡಗಿದಾಗ, ಅನ್ನ ಬೇಯುವ ಒಲೆಯ ಮೇಲೆಯೇ ಮೊಟ್ಟೆಯೂ ಬೇಯುವುದಾದರೆ ಮಕ್ಕಳನ್ನು ಕಳಿಸುವುದು ಹೇಗೆ ಎಂಬ ಮಾತು ಬಂತು. ಮೊದಲು ಕೇಳಿದವಳು ಕೃಷ್ಣವ್ವ, ಎರಡು ಮಕ್ಕಳ ತಾಯಿ. ಊರ ಹಿರಿಯ ಬಸಯ್ಯನವರು ಜಗಳ ಬೇಡವೆಂದು ದಾರಿ ಹುಡುಕಿದರು. ಅಂಗನವಾಡಿಯ ಸಹಾಯಕಿ ಮುದಕವ್ವನ ಮನೆ ಹಿಂದಿನ ಓಣಿಯಲ್ಲಿತ್ತು. ಅವರ ಮನೆಯಲ್ಲಿ ಮೊಟ್ಟೆ ತಿನ್ನುತ್ತಾರೆ. ಮೊಟ್ಟೆ ಅಲ್ಲಿ ಬೇಯಲಿ, ಸಿಪ್ಪೆ ಅಲ್ಲೇ ಬೀಳಲಿ, ತಿನ್ನುವ ಮಕ್ಕಳಿಗೆ ಮುಚ್ಚಿದ ಡಬ್ಬಿಯಲ್ಲಿ ಬರಲಿ ಎಂದಾಯಿತು.

ಇದನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ಬರೆಯುವಂಥದ್ದೂ ಆಗಿರಲಿಲ್ಲ. ಮೊಟ್ಟೆಯ ದಿನ ಮುದಕವ್ವ ಅಂಗನವಾಡಿಯಲ್ಲಿ ಬೇಳೆಯ ಕುಕ್ಕರ್ ಕೂಗಿಸುತ್ತಿದ್ದಳು, ಗಂಗಾ ಹಸಿ ಮೊಟ್ಟೆಯ ಚೀಲ ಹಿಡಿದು ಮುದಕವ್ವನ ಸೊಸೆಗೆ ಕೊಟ್ಟು ಬರುತ್ತಿದ್ದಳು. ಸಂಜೆ ಮನೆಗೆ ಹೋದಾಗ ಅತ್ತೆ ಚನ್ನವ್ವ ಹೊರಗಿನ ನೀರಿನ ಹೌದಿನಲ್ಲೇ ಕೈ ತೊಳೆಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಇದು ವರ್ಷಗಟ್ಟಲೆ ನಡೆದಿತ್ತು. ಇಲಾಖೆಯ ಮೇಲಿನವರು ಬಂದಾಗ ಕಂಡರೂ ಕಾಣದಂತೆ ಹೋಗುತ್ತಿದ್ದರು. ಸುಭಾಸ ಬಂದದ್ದು ಗಟಾರದ ಸುದ್ದಿಗೆ. ಗಟಾರದ ಬಳಿ ನಿಂತಿದ್ದಾಗ ಅವನಿಗೆ ಈ ಚೀಲ ಕಂಡಿತ್ತು.

ವಿಡಿಯೋ ಬಂದ ಸಂಜೆಯೇ, ಮರುದಿನದಿಂದ ಕೆಲಸಕ್ಕೆ ಬರಬಾರದೆಂದು ಇಲಾಖೆಯಿಂದ ಫೋನ್ ಬಂತು. ಗಂಗಾ ಸುಭಾಸನಿಗೆ ಫೋನ್ ಮಾಡಿ ವಿಡಿಯೋ ತೆಗೆದುಹಾಕಲು ಕೇಳಿದಳು. ಅವನು ಒರಟಾಗಿ ಮಾತಾಡಲಿಲ್ಲ.

“ಅಕ್ಕಾರ, ನಾ ಏನರ ಸುಳ್ಳ ಹೇಳೇನೇನ್ರಿ? ಎಲ್ಲಿಗಂತ ಕೇಳೇನಿ, ಅಷ್ಟ. ಉತ್ತರ ಇದ್ರ ನೀವು ಹೇಳ್ರಿ, ಅದನ್ನೂ ಹಾಕ್ತೇನಿ.”

ಉತ್ತರ ಅವಳಲ್ಲಿತ್ತು. ಆದರೆ ಅದು ಅವಳೊಬ್ಬಳದಾಗಿರಲಿಲ್ಲ.

ವಿಚಾರಣೆಗೆ ಸೂಪರ್‌ವೈಸರ್ ಬರುವ ಮೊದಲೇ ಊರಿನಲ್ಲಿ ಒಂದು ಉತ್ತರ ಸಿದ್ಧವಾಗಿತ್ತು. ಆ ದಿನ ಗ್ಯಾಸ್ ಮುಗಿದಿತ್ತು, ಅದಕ್ಕೆ ಮೊಟ್ಟೆಯನ್ನು ಸಹಾಯಕಿಯ ಮನೆಯಲ್ಲಿ ಬೇಯಿಸಲು ಒಯ್ದರು. ಬಸಯ್ಯನವರು ಅದನ್ನೇ ಹೇಳಿದರು, ತಾಯಂದಿರು ಅದನ್ನೇ ಹೇಳಿದರು, ಗಂಗಾಳೂ ಅದನ್ನೇ ಹೇಳಿದಳು. ಸೂಪರ್‌ವೈಸರ್ ಬರೆದುಕೊಂಡು ಚಹಾ ಕುಡಿದು ಹೋದರು. ಕೆಲವು ವಾರಗಳ ನಂತರ, ದೂರು ಸಾಬೀತಾಗಿಲ್ಲ, ಕೆಲಸಕ್ಕೆ ಮರಳಬಹುದು ಎಂಬ ಪತ್ರ ಬಂತು. ಅದರ ಫೋಟೋವನ್ನು ಸುಭಾಸನಿಗೆ ಕಳಿಸಿದಳು. ನೋಡಿದ ಗುರುತಾಗಿ ಎರಡು ನೀಲಿ ಗೆರೆ ಬಂದವು. ಬೇರೇನೂ ಬರಲಿಲ್ಲ.

ಅಷ್ಟರಲ್ಲಿ ವಿಡಿಯೋ ತನ್ನ ಪಾಡಿಗೆ ಓಡಾಡುತ್ತಿತ್ತು. ಟಿವಿ ಚಾನೆಲ್ಲೊಂದರ ಜಾಲತಾಣ ಅದನ್ನು ಎತ್ತಿಕೊಂಡು ಪ್ರಶ್ನಾರ್ಥಕ ಚಿಹ್ನೆಯನ್ನು ತೆಗೆದುಹಾಕಿತ್ತು. ಇನ್ನೊಂದು ಕಡೆ ಜಿಲ್ಲೆಯೇ ಬದಲಾಗಿತ್ತು. ಸವದತ್ತಿಯ ಸಂತೆಯಲ್ಲಿ ಬಳೆ ಅಂಗಡಿಯ ಮುಂದೆ ನಿಂತಿದ್ದಾಗ ಯಾರೋ ಅಪರಿಚಿತ ಹೆಂಗಸು ಹಿಂದಿನಿಂದಲೇ ಅವಳ ಗುರುತು ಹಿಡಿದು, ಪಕ್ಕದವಳಿಗೆ ‘ಮೊಟ್ಟಿ ಅಕ್ಕಾರು’ ಎಂದು ಪಿಸುಗುಟ್ಟಿದಳು. ಮನೆಯಲ್ಲಿ ಚನ್ನವ್ವ, ಬಂದುಹೋಗುವವರ ಮುಂದೆ ಒಂದೇ ಮಾತು ಹೇಳುತ್ತಿದ್ದಳು: ತಿನ್ನಲಾರದಾಕಿ ಕದ್ದು ಏನು ಮಾಡುತ್ತಾಳೆ, ಅಷ್ಟಾದರೂ ತಿಳಿಯಬಾರದೇ. ಒಂದು ದಿನ ಎದುರುಮನೆಯ ಸಾವಂತ್ರೆವ್ವ ಅಕ್ಕಿ ಆರಿಸುತ್ತ ತಲೆ ಎತ್ತದೆ, “ತಿನ್ನದಿದ್ರ ಮಾರಾಕ ಬರ್ತೈತೆಲ್ಲವಾ” ಎಂದಳು. ಚನ್ನವ್ವ ಆಮೇಲೆ ಆ ಮಾತು ಆಡುವುದನ್ನು ಬಿಟ್ಟಳು.

ಗಂಗಾಳನ್ನು ತಟ್ಟಿದ್ದು ಇವಾವುವೂ ಅಲ್ಲ. ಕೆಲಸಕ್ಕೆ ಮರಳಿದ ಮೊದಲ ಮೊಟ್ಟೆಯ ದಿನ ಕೃಷ್ಣವ್ವ ಅಂಗನವಾಡಿಯ ಬಾಗಿಲಿಗೆ ಬಂದು ನಿಂತಳು. ಅವಳ ಮಕ್ಕಳು ಮೊಟ್ಟೆ ತಿನ್ನುವವರಲ್ಲ. ಆದರೂ ಚೀಲ ಹೋಗುವಾಗ ನೋಡಿದಳು, ಡಬ್ಬಿ ಬಂದಾಗ ಮುಚ್ಚಳ ತೆಗೆಸಿ ನೋಡಿದಳು.

“ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ಮೊಬೈಲ್‌ದಾಗ ಬಂದೈತಿ, ನೋಡಬೇಕಲ್ರಿ.”

“ಎಲ್ಲಿ ಹೋಗ್ತಾವು ನಿಮಗ ಗೊತ್ತೈತಿ, ಕೃಷ್ಣವ್ವ. ಇಲ್ಲಿ ಕುದಿಸೂದ ಬ್ಯಾಡ ಅಂದಾಕಿನೂ ನೀವ.”

“ನನಗ ಗೊತ್ತೈತ್ರಿ. ಆದ್ರ ವಿಡಿಯೋದಾಗ ಬ್ಯಾರೆ ಕಾಣ್ತೈತಿ.”

ಕೃಷ್ಣವ್ವ ಇದನ್ನು ಕುಹಕದಿಂದ ಹೇಳಲಿಲ್ಲ. ನಿಜವಾಗಿಯೂ ಗೊಂದಲದಲ್ಲಿದ್ದವಳಂತೆ ಹೇಳಿದಳು. ಕಣ್ಣಾರೆ ಕಂಡದ್ದೊಂದು, ಪರದೆಯ ಮೇಲೆ ಕಂಡದ್ದೊಂದು, ಎರಡರಲ್ಲಿ ಹೊರಗಿನವರೂ ನೋಡಿರುವಂಥದ್ದೇ ಹೆಚ್ಚು ಗಟ್ಟಿ ಎಂದು ಅವಳಿಗೆ ತೋರಿತ್ತು. ಆಮೇಲೆ ಇನ್ನೂ ಕೆಲವು ತಾಯಂದಿರು ಬರತೊಡಗಿದರು. ಗಂಗಾ ಪ್ರತಿ ಬಾರಿಯೂ ಮುಚ್ಚಳ ತೆಗೆದು ತೋರಿಸಿದಳು. ಪರದೆಯ ಮೇಲೆಯೇ ಎಲ್ಲಾದರೂ ಒಂದು ಕಡೆ, ಜನ ನಂಬುವಂಥ ಜಾಗದಲ್ಲಿ, ತಾನು ಕದ್ದಿಲ್ಲ ಎಂದು ಬರದ ಹೊರತು ಈ ಊರಿನಲ್ಲಿ ಅಕ್ಕಾರಾಗಿ ಇರುವುದು ಆಗದು ಎಂಬುದು ಅವಳಿಗೆ ಸ್ಪಷ್ಟವಾಯಿತು.

ಆದರೆ ಜನ ನಂಬುವಂಥ ಜಾಗ ಯಾವುದು ಎಂದು ಅವಳಿಗೇ ಗೊತ್ತಿರಲಿಲ್ಲ. ಹಾಗೆ ಯೋಚಿಸಿದವಳೇ ಅಲ್ಲ. ಅಲ್ಲಿಯವರೆಗೆ ಸುದ್ದಿ ಎಂದರೆ ಬಂದದ್ದು, ಹುಡುಕಿಕೊಂಡು ಹೋಗುವಂಥದ್ದಲ್ಲ. ಈಗ ಮಕ್ಕಳು ಮಲಗಿದ ಹೊತ್ತಿನಲ್ಲಿ ಹುಡುಕತೊಡಗಿದಳು. ಒಂದೇ ಸುದ್ದಿಯನ್ನು ನಾಲ್ಕಾರು ಕಡೆ ತೆಗೆದು ನೋಡುವಳು. ಕಬ್ಬಿನ ದರದ ಮಾತುಕತೆ ಒಂದು ಕಡೆ ಮುರಿದುಬಿದ್ದಿತ್ತು, ಒಂದು ಕಡೆ ಯಶಸ್ವಿಯಾಗಿತ್ತು, ಒಂದು ಕಡೆ ಇನ್ನೂ ಶುರುವೇ ಆಗಿರಲಿಲ್ಲ. ಯಾರು ಹೇಳಿದ್ದೆಂದು ಹೆಸರು ಹಾಕುವವರು ಕಡಿಮೆ, ‘ಮೂಲಗಳು ತಿಳಿಸಿವೆ’ ಎನ್ನುವವರು ಹೆಚ್ಚು. ಹಳೆಯ ನೆರೆಯ ಚಿತ್ರವನ್ನು ಹೊಸ ಮಳೆಯ ಸುದ್ದಿಗೆ ಹಾಕಿದ್ದನ್ನು ಒಮ್ಮೆ ತಾನೇ ಗುರುತಿಸಿದಳು. ರಾಮದುರ್ಗದ ಆ ಬೀದಿಯಲ್ಲಿ ಈಗ ಬೇರೆ ಕಟ್ಟಡವಿದೆ.

ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರ ವಿಡಿಯೋಗಳೂ ಅವಳಿಗೆ ಸಿಕ್ಕವು. ಟಿವಿ ನಿರೂಪಕರು ಹೇಗೆ ಕೂಗುತ್ತಾರೆ, ಪ್ರಶ್ನೆಯ ವೇಷದಲ್ಲಿ ಆರೋಪವನ್ನು ಹೇಗೆ ನುಗ್ಗಿಸುತ್ತಾರೆ ಎಂದು ಆತ ತಣ್ಣಗೆ ಬಿಡಿಸಿ ಹೇಳುತ್ತಿದ್ದರು. ಗಂಗಾ ಹಲವನ್ನು ನೋಡಿದಳು. ಒಂದು ವಿಡಿಯೋದಲ್ಲಿ ಅವರು, ದೊಡ್ಡ ಚಾನೆಲ್‌ಗಳು ಕೆಟ್ಟಿವೆ, ಆದರೆ ಹಳ್ಳಿಗಳಲ್ಲಿ ಸಣ್ಣಪುಟ್ಟವರು ನಿಜವಾದ ಪತ್ರಿಕೋದ್ಯಮ ಮಾಡುತ್ತಿದ್ದಾರೆ ಎಂದರು. ಅದಕ್ಕೆ ಉದಾಹರಣೆಯಾಗಿ ಒಂದು ತುಣುಕು ತೋರಿಸಿದರು. ಇಲಾಖೆಯ ಸೀರೆ, ಚೀಲ, ಮುಚ್ಚಿದ ಬಾಗಿಲು. ಮೇಷ್ಟ್ರ ಉಳಿದ ಮಾತುಗಳು ಸರಿಯಾಗಿಯೇ ಇದ್ದವು. ಅವಳು ಆ ವಿಡಿಯೋವನ್ನು ಕೊನೆಯವರೆಗೂ ನೋಡಿದಳು, ಮುಂದಿನ ವಾರದ್ದನ್ನೂ ನೋಡಿದಳು.

ಕೊನೆಗೆ ಸಿಕ್ಕದ್ದು ಸುದ್ದಿಯ ಸತ್ಯಾಸತ್ಯತೆ ನೋಡುವ ಒಂದು ಕನ್ನಡ ಜಾಲತಾಣ. ನೋಡಲು ಸಪ್ಪೆ. ಓಡುವ ಅಕ್ಷರಗಳಿಲ್ಲ, ಸಂಗೀತವಿಲ್ಲ. ಬರಹದ ಕೊನೆಯಲ್ಲಿ ಯಾರನ್ನು ಕೇಳಿದೆವು, ಯಾರು ಉತ್ತರಿಸಲಿಲ್ಲ ಎಂದು ಬರೆದಿರುತ್ತಿದ್ದರು. ‘ತಿದ್ದುಪಡಿಗಳು’ ಎಂಬ ಪ್ರತ್ಯೇಕ ಪುಟವೂ ಇತ್ತು. ಇಂಥ ದಿನ ಹೀಗೆ ಬರೆದಿದ್ದೆವು, ಅದು ತಪ್ಪು, ಸರಿಯಾದದ್ದು ಇದು. ತಾವು ತಪ್ಪಿದ್ದನ್ನು ತಾವೇ ಒಂದೆಡೆ ಪೇರಿಸಿ ಇಡುವವರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಆ ಪುಟವನ್ನು ಪೂರ್ತಿ ಓದಿದ ಮೇಲೆ ಅವರಿಗೆ ವಿಡಿಯೋದ ಲಿಂಕನ್ನೂ ಇಲಾಖೆಯ ಪತ್ರವನ್ನೂ ಕಳಿಸಿದಳು.

ಫೋನ್ ಮಾಡಿದವಳು ರೇಣು, ಆ ತಾಣದ ವರದಿಗಾರ್ತಿ. ಕಿತ್ತೂರ ಕಡೆಯ ಹುಡುಗಿ, ಮಾತಿನಲ್ಲೇ ಗೊತ್ತಾಯಿತು. ಮೊಟ್ಟೆ ಯಾಕೆ ಹೊರಗೆ ಹೋದವು ಎಂದು ಕೇಳಿದಳು. ಗ್ಯಾಸ್ ಮುಗಿದಿತ್ತು ಎಂದು ಗಂಗಾ ಹೇಳಿದಳು. ಹೇಳಿ ಹೇಳಿ ಆ ಮಾತು ಬಾಯಿಗೆ ಸಲೀಸಾಗಿತ್ತು. ಆ ಕಡೆ ರೇಣು ವಿಡಿಯೋ ಹಚ್ಚಿದ ಸದ್ದು ಕೇಳಿಸಿತು.

“ಅಕ್ಕಾರ, ನೀವು ಗೇಟ್ ದಾಟೂ ಮುಂದ ಹಿಂದ ಕುಕ್ಕರ್ ಸೀಟಿ ಕೇಳಸ್ತೈತಲ್ರಿ. ಅದು ಅಂಗನವಾಡಿದ ಹೌದಿಲ್ರಿ?”

ಗಂಗಾ ಆ ವಿಡಿಯೋವನ್ನು ಎಷ್ಟೋ ಸಲ ನೋಡಿದ್ದಳು. ಸೀಟಿಯನ್ನು ಕೇಳಿಸಿಕೊಂಡಿರಲಿಲ್ಲ. ಕಟ್ಟಿಗೆಯ ಒಲೆ ಹಚ್ಚಿದ್ದೆವು ಎನ್ನಬಹುದಿತ್ತು. ಹಾಗಾದರೆ ಮೊಟ್ಟೆಯನ್ನೂ ಅದರ ಮೇಲೆಯೇ ಬೇಯಿಸಬಹುದಿತ್ತಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಮಕ್ಕಳು ಎದ್ದರು ಎಂದು ಹೇಳಿ ಫೋನ್ ಇಟ್ಟಳು.

ವರದಿ ಬಂತು. ವಿಡಿಯೋದಲ್ಲಿ ಕಳ್ಳತನದ ಪುರಾವೆ ಇಲ್ಲ, ವಿಚಾರಣೆಯಲ್ಲಿ ದೂರು ಸಾಬೀತಾಗಿಲ್ಲ, ಶೀರ್ಷಿಕೆ ದಾರಿ ತಪ್ಪಿಸುವಂತಿದೆ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ವಾಕ್ಯವಿತ್ತು: ‘ಮೊಟ್ಟೆಗಳನ್ನು ಹೊರಗೆ ಒಯ್ಯಲು ಕಾರ್ಯಕರ್ತೆ ಮತ್ತು ಗ್ರಾಮಸ್ಥರು ನೀಡಿದ ಕಾರಣ ವಿಡಿಯೋದ ಧ್ವನಿಗೆ ಹೊಂದುವುದಿಲ್ಲ. ನಿಜವಾದ ಕಾರಣ ನಮಗೆ ತಿಳಿದುಬಂದಿಲ್ಲ.’

ಸುಭಾಸನ ವಿಡಿಯೋವನ್ನು ಸುಳ್ಳು ಎಂದು ತಳ್ಳಿಹಾಕಿ ಇಷ್ಟು ದಿನ ಕಳೆದಿದ್ದಳು. ಈ ವಾಕ್ಯವನ್ನು ತಳ್ಳಿಹಾಕಲು ಆಗಲಿಲ್ಲ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಕೆಲವು ದಿನ ಅವಳು ಮೊಬೈಲನ್ನು ಇಲಾಖೆಯ ಕೆಲಸಕ್ಕೆ ಬಿಟ್ಟರೆ ಮುಟ್ಟಲಿಲ್ಲ. ಮಕ್ಕಳಿಗೆ ಹಾಡು ಹೇಳಿಸಿದಳು, ಮುಚ್ಚಳ ತೆಗೆದು ತೋರಿಸಿದಳು, ಮನೆಗೆ ಹೋಗಿ ಹೌದಿನಲ್ಲಿ ಕೈ ತೊಳೆದಳು.

ಮುಂದಿನ ಮೊಟ್ಟೆಯ ದಿನ ಮುದಕವ್ವ ಪಾತ್ರೆ ತಿಕ್ಕುತ್ತಿದ್ದಾಗ ಗಂಗಾ ಅವಳ ಪಕ್ಕ ಕುಳಿತು ವರದಿಯನ್ನು ಓದಿ ಹೇಳಿದಳು. ಇರುವುದನ್ನು ಇದ್ದಂತೆ ಹೇಳಿದರೆ ಅವರು ಬರೆಯುತ್ತಾರೆ, ಆದರೆ ನಿಮ್ಮ ಮನೆಯ ಮಾತೂ ಅದರಲ್ಲಿ ಬರುತ್ತದೆ ಎಂದಳು. ಮುದಕವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಗ್ಯಾಸ್ ಮುಗದಿತ್ತಂತ ನೀವು ಹೇಳಿದ್ರಿ, ಬಸಯ್ಯನೋರು ಹೇಳಿದ್ರು, ಮೇಡಂ ಬರ್ಕೊಂಡ್ರು. ಆ ಸಿಲಿಂಡರ್ ಹಚ್ಚಾಕಿ ನಾನು. ನನ್ನ ಯಾರೂ ಕೇಳಲಿಲ್ಲ.”

“ಈಗ ನಾ ಕೇಳಾಕತ್ತೇನಿ.”

“ಹೇಳ್ರಿ. ನಮ್ಮ ಮನಿ ಬಾಗಲಾ ಇಡೀ ತಾಲೂಕ ನೋಡೈತಿ. ಕದ್ದ ಮಾಲು ಇಟ್ಕೊಂಡ ಮನಿ ಅಂತ. ಇನ್ನೇನ ಮುಚ್ಚೂದೈತಿ?” ತಂಬಿಗೆಯಿಂದ ನೀರು ಸುರಿದು ಪಾತ್ರೆಯನ್ನು ಮಗುಚಿ ಇಟ್ಟಳು. “ನಿಮಗೂ ಚಲೋ ಆಕ್ಕೈತಿ ಬಿಡ್ರಿ. ದಿನಾ ಸಂಜಿಕೆ ಬಾಗಲದಾಗ ಕೈ ತೊಳಿಯೂದರ ತಪ್ಪತೈತಿ.”

ಕೈ ತೊಳೆಯುವ ವಿಷಯ ಮುದಕವ್ವನಿಗೆ ಗೊತ್ತಿದೆ ಎಂಬುದು ಗಂಗಾಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವಳು ಅಲ್ಲಿಯೇ ಕುಳಿತು ರೇಣುವಿಗೆ ಫೋನ್ ಮಾಡಿದಳು. ಮೊದಲು ತಾನು ಹೇಳಿದ್ದು ಸುಳ್ಳು ಎಂದಳು. ಆಮೇಲೆ ಒಲೆಯ ವಿಷಯ, ಪಾತ್ರೆಯ ವಿಷಯ, ಡಬ್ಬಿಯ ವಿಷಯ ಎಲ್ಲವನ್ನೂ ಹೇಳಿದಳು. ಅದಾದ ಮೇಲೆ ಮೊಬೈಲನ್ನು ಮುದಕವ್ವನ ಕೈಗೆ ಕೊಟ್ಟಳು. ಮುದಕವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎದ್ದು ಅಂಗಳದಾಚೆ ಹೋಗಿ ಮಾತಾಡಿದಳು. ಏನು ಹೇಳಿದಳೆಂದು ಗಂಗಾ ಕೇಳಲಿಲ್ಲ. ವರದಿಯಲ್ಲಿ ಓದಿದಳು.

ಪುಟ ಬದಲಾಗಿತ್ತು. ಮೇಲೆ, ಈ ವರದಿಯನ್ನು ಪರಿಷ್ಕರಿಸಲಾಗಿದೆ ಎಂದಿತ್ತು. ಊರಿನ ಕೆಲವು ಮನೆತನಗಳ ಇಚ್ಛೆಯಂತೆ ಮೊಟ್ಟೆಯನ್ನು ಸಹಾಯಕಿಯ ಮನೆಯಲ್ಲಿ ಬೇಯಿಸುವ ರೂಢಿಯಿತ್ತು, ವಿಡಿಯೋದಲ್ಲಿರುವುದು ಅದೇ ರೂಢಿ, ಕಳ್ಳತನವಲ್ಲ ಎಂದು ಬರೆದಿದ್ದರು. ಗಂಗಾ ಮೊದಲು ತಪ್ಪು ಮಾಹಿತಿ ಕೊಟ್ಟಿದ್ದಳೆಂಬುದನ್ನೂ ಬಿಟ್ಟಿರಲಿಲ್ಲ. ಊರಿನ ಹೆಸರು ಹಾಕಿರಲಿಲ್ಲ. ವಿಡಿಯೋದಲ್ಲಿ ಅದು ಮೊದಲೇ ಇತ್ತು. ಮುದಕವ್ವನ ಮಾತು ಒಂದೇ ಸಾಲು: ಮೊಟ್ಟೆ ತಿನ್ನುವ ಮಕ್ಕಳನ್ನು ಸಾಲಿನ ಕೊನೆಗೆ ಕೂರಿಸುತ್ತಿದ್ದರು, ಅದರಲ್ಲಿ ತನ್ನ ಮೊಮ್ಮಗನೂ ಇದ್ದ. ಸಾಲಿನಲ್ಲಿ ಕೂರಿಸುತ್ತಿದ್ದವಳು ಗಂಗಾ.

ಇದು ಬಂದ ಎರಡನೆಯ ದಿನ ಬಸಯ್ಯನವರು ಹೇಳಿಕಳಿಸಿದರು. ಅವಳು ಹೋದಾಗ ಅವರ ಮೊಬೈಲಿನಲ್ಲಿ ಆ ಪುಟ ತೆರೆದಿತ್ತು. ಕೃಷ್ಣವ್ವ, ಇನ್ನೂ ಮೂರು ನಾಲ್ಕು ಜನ ಕಟ್ಟೆಯ ಮೇಲೆ ಕುಳಿತಿದ್ದರು. ಯಾರೂ ದನಿ ಏರಿಸಲಿಲ್ಲ. ಅಕ್ಕಾರು ಕದ್ದಿಲ್ಲ ಎಂಬುದು ಎಲ್ಲರಿಗೂ ಖಾತ್ರಿಯಾಗಿದೆ ಎಂದು ಬಸಯ್ಯನವರು ಮೊದಲೇ ಹೇಳಿದರು. ಕೃಷ್ಣವ್ವ ತಲೆಯಾಡಿಸಿದಳು. ಬಸಯ್ಯನವರು ಮಾತು ಮುಂದುವರಿಸಿದರು.

“ಖರೇ ಹೇಳಿದಿ ತಂಗಿ, ತಪ್ಪಂತ ನಾ ಅನ್ನಂಗಿಲ್ಲ. ಆದ್ರ ಅದು ಊರಾಗ ಖರೇ ಇತ್ತು. ಈಗ ಹೊರಗಿನ ಮಂದಿ ಮುಂದ ಖರೇ ಆತು.”

ಗಂಗಾ ಹೂಂ ಎಂದಳು. ಚಹಾ ಬಂತು, ಕುಡಿದಳು. ಲೋಟ ಎಲ್ಲಿಡಬೇಕೆಂದು ನೋಡಿ, ಕಟ್ಟೆಯ ಅಂಚಿಗೆ ಇಟ್ಟು ಬಂದಳು.

ಸುಭಾಸ ಹಳೆಯ ವಿಡಿಯೋವನ್ನು ತೆಗೆಯಲಿಲ್ಲ. ಹೊಸದೊಂದು ಹಾಕಿದ. ಅದರಲ್ಲಿ ಅಂಗನವಾಡಿಯ ಗೇಟು, ಬಸಯ್ಯನವರ ಕಟ್ಟೆ, ಮುದಕವ್ವನ ಬಾಗಿಲು ಮೂರೂ ಇದ್ದವು. ‘ಒಂದು ಅಂಗನವಾಡಿ, ಎರಡು ಒಲೆ?’ ಎಂದು ಕೇಳಿದ್ದ. ಇದನ್ನು ಮೊದಲಿನದಕ್ಕಿಂತ ಹೆಚ್ಚು ಜನ ನೋಡಿದರು. ಗಂಗಾಳಿಗೆ ಸೂಚನೆ ಬರಲಿಲ್ಲ. ಅವಳು ಚಂದಾ ರದ್ದು ಮಾಡಿದ್ದಳು. ಗಂಡ ಸಂಜು ಊಟದ ಹೊತ್ತಿಗೆ ತೋರಿಸಿದ. ಅವಳು ರೊಟ್ಟಿ ಮುರಿಯುತ್ತ ಕೊನೆಯವರೆಗೂ ನೋಡಿದಳು. ಕಳ್ಳಿ ಎಂದು ಅದರಲ್ಲಿ ಯಾರೂ ಅವಳನ್ನು ಕರೆದಿರಲಿಲ್ಲ.

ತಾಲೂಕು ಕಚೇರಿಯಿಂದ ಆದೇಶ ಬಂದಿದೆ. ಬರುವ ವಾರದಿಂದ ಮೊಟ್ಟೆ ಅಂಗನವಾಡಿಯ ಒಲೆಯ ಮೇಲೆಯೇ ಬೇಯಬೇಕು, ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂರಬೇಕು. ಬಸಯ್ಯನವರ ಮನೆಯ ಮಗುವನ್ನೂ ಕೃಷ್ಣವ್ವನ ಮಕ್ಕಳನ್ನೂ ಬೈಲಹೊಂಗಲದ ಖಾಸಗಿ ಶಾಲೆಯೊಂದಕ್ಕೆ ಸೇರಿಸಿದ್ದಾರೆ. ಆ ಶಾಲೆಯ ವ್ಯಾನು ಇದುವರೆಗೆ ಈ ಊರಿಗೆ ಬರುತ್ತಿರಲಿಲ್ಲ. ಸೋಮವಾರದಿಂದ ಬರುತ್ತದೆ.